ಉಪ್ಪೆಂದು ಹಿಡಿದಿಟ್ಟದ್ದು

ಆ ಗುಳಿಗೆಯೂ ಒಂದು ಜಾತಿಯ ಉಪ್ಪೇ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಕಲ್ಲಿನಲ್ಲಿ ಸಿಗುವಂಥದ್ದು, ಅಡುಗೆಯ ಉಪ್ಪಿಗೆ ದಾಯಾದಿ ಎಂದಿದ್ದರು. ದಾಯಾದಿ ಎಂಬ ಮಾತಿಗೆ ನನ್ನ ಮಗಳು ಪುಷ್ಪಲತಾ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದು ಅಂದೇ. ಹಾಗಾಗಿ ಅಂದಿನ ಮಾತುಗಳೆಲ್ಲ ನನಗೆ ಈಗಲೂ ಒಂದೂ ಬಿಡದೆ ನೆನಪಿವೆ.

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಖಾನಾವಳಿ. ಯಜಮಾನರು ಕರಿಸಿದ್ದಪ್ಪ ಇದ್ದಾಗ ಗಲ್ಲಾದ ಮೇಲೆ ಅವರು, ಒಲೆಯ ಮುಂದೆ ನಾನು. ಅವರು ಹೋದ ಮೇಲೆ ಎರಡೂ ನಾನೇ. ಪುಷ್ಪಿ ಹರಪನಹಳ್ಳಿಯಲ್ಲಿ ಬಿ.ಎ. ಓದುತ್ತಿದ್ದವಳು ಒಂದು ಸಲ ನಿದ್ದೆ ಬಿಟ್ಟಳು. ಪರೀಕ್ಷೆಯ ಓದು ಎಂದುಕೊಂಡೆವು. ಆಮೇಲೆ ಮಾತು ಹೆಚ್ಚಾಯಿತು. ಬಸ್ಸು ಇಳಿಜಾರಿನಲ್ಲಿ ಬ್ರೇಕು ಕಳೆದುಕೊಂಡ ಹಾಗೆ ಮಾತು. ಒಂದು ಮಧ್ಯಾಹ್ನ ಊಟದ ವೇಳೆಗೆ ಸರಿಯಾಗಿ ಖಾನಾವಳಿಯ ತಾಟುಗಳನ್ನೆಲ್ಲ ಹೊತ್ತುಕೊಂಡು ಹೋಗಿ ಬಸ್ಸಿಗೆ ಕಾದವರಿಗೆ ಹಂಚಿಬಿಟ್ಟಳು. "ತಗೊಳ್ರಿ, ನಮ್ಮವ್ವ ಕೊಟ್ಟು ಕಳಿಸ್ಯಾಳ" ಎಂದಳಂತೆ. ಕೆಲವರು ತಂದು ಕೊಟ್ಟರು, ಕೆಲವರು ಬಸ್ಸು ಹತ್ತಿ ಹೋದರು. ಅದು ಇಳಿದ ಮೇಲೆ ಬಂದದ್ದು ಇನ್ನೂ ಕೆಟ್ಟದ್ದು. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಏಳುವಳಲ್ಲ, ಬಾಯಿಗಿಟ್ಟ ತುತ್ತು ಅಗಿಯುವಳಲ್ಲ.

ಡಾಕ್ಟರ್ ಮೌನೇಶ್ ತಿಂಗಳಿಗೊಂದು ಮಂಗಳವಾರ ಕೂಡ್ಲಿಗಿಗೆ ಬಂದು ಇಂಥವರನ್ನು ನೋಡುತ್ತಾರೆಂದು ಯಾರೋ ಹೇಳಿದರು. ಕರೆದುಕೊಂಡು ಹೋದೆ. ಅವರು ನನ್ನ ಕೆಲಸ ಏನೆಂದು ಮೊದಲು ಕೇಳಿಕೊಂಡು, ಆಮೇಲೆ ಗುಳಿಗೆಯ ವಿಷಯ ತೆಗೆದರು.

"ನೋಡ್ರಿ ಕೊಟ್ರಮ್ಮ, ನಿಮ್ಮ ಖಾನಾವಳಿಗೆ ಮಂದಿ ಬರ್ತಾರ, ಉಣ್ತಾರ, ಎದ್ದು ಹೋಗ್ತಾರ. ಬರೋರು ಎಷ್ಟೋ ಹೋಗೋರೂ ಅಷ್ಟ ಇದ್ರ ಒಳಗ ಸುಮಾರು ಒಂದ ಲೆಕ್ಕದ ಮಂದಿ ಇರ್ತಾರ, ಹೌದಿಲ್ಲೋ? ಮೈಯಾಗ ಗುಳಿಗಿನೂ ಹಂಗ. ಬೆಳಿಗ್ಗೆ ಹಾಕಿದ್ದು ಸ್ವಲ್ಪ ಸ್ವಲ್ಪ ಹೊರಗ ಹೋಗ್ತಿರ್ತದ. ಅದು ಪೂರ್ತಿ ಹೋಗೋದರಾಗ ಸಂಜಿದು ಬಂತು. ಹಿಂಗ ಒಳಗ ಒಂದು ಮಟ್ಟ ನಿಲ್ತದ. ಆ ಮಟ್ಟ ನಿಂತ್ರ ಮನಸ್ಸೂ ನಿಲ್ತದ."

"ಬಂದೋರು ಎದ್ದು ಹೋಗ್ಲಿಲ್ಲ ಅಂದ್ರ?" ಎಂದು ನಾನು ಕೇಳಿದೆ.

"ನಿಮ್ಮಲ್ಲಿ ಏನಾಗ್ತದ?"

"ಗದ್ಲ ಆಗತೈತ್ರಿ."

"ಇಲ್ಲೂ ಗದ್ಲನ. ಬಾಳ ಗುಳಿಗಿಗಳನ್ನ ಲಿವರ್ ಮೊದ್ಲು ಹೆಚ್ಚಿ, ಕುದಿಸಿ, ಬ್ಯಾರೆ ಮಾಡಿ ಹೊರಗ ಕಳಿಸ್ತದ. ಇದಕ್ಕ ಅದಿಲ್ಲ. ಲಿವರ್ ಇದನ್ನ ಮುಟ್ಟಂಗಿಲ್ಲ. ಬಂದ ವೇಷದಾಗ ಹೋಗ್ತದ, ಕಿಡ್ನಿ ಒಂದ ಬಾಗಿಲು. ಅದಕ್ಕ ನೀರು ಚೆಂದಾಗಿ ಕುಡಿಸ್ರಿ, ನಾ ಹೇಳಿದಾಗ ರಕ್ತ ಪರೀಕ್ಷಿ ಮಾಡಿಸ್ರಿ. ಮತ್ತ, ಉಪ್ಪು ಹೆಚ್ಚು-ಕಡಿಮಿ ಆಗದಂಗ ನೋಡ್ಕೊಳ್ರಿ."

ಉಪ್ಪಿನ ಮಾತು ಬಂತಲ್ಲ, ನನಗೆ ಹುರುಪು ಬಂತು. "ಸರ್, ಅಷ್ಟು ಮಂದಿಗೆ ಅಡಿಗಿ ಮಾಡ್ತೀನಿ. ನನ್ನ ಕೈಯಾಗ ಉಪ್ಪು ಇವತ್ತಿನತನ ಹೆಚ್ಚು-ಕಡಿಮಿ ಆಗಿಲ್ರಿ. ಬೇಕಾರ ಕೊಟ್ಟೂರಾಗ ಯಾರನ್ನರ ಕೇಳ್ರಿ!"

ಡಾಕ್ಟರೂ ನಕ್ಕರು, ಪುಷ್ಪಿಯೂ ನಕ್ಕಳು. ಹೊರಗೆ ಕಾದಿದ್ದವರು ಬಾಗಿಲು ನೂಕಿದರು. ನಾವು ಎದ್ದೆವು.

ಗುಳಿಗೆ ಹತ್ತಿತು. ಎಷ್ಟೋ ವರ್ಷ ಹತ್ತಿತು. ನನ್ನ ಮಗಳು ನನಗೆ ವಾಪಸು ಬಂದಳು. ಕಾಲೇಜಿಗೆ ಮತ್ತೆ ಹೋಗಲಿಲ್ಲ. ಒಲೆಯ ಮುಂದೆ ಕುಳಿತಳು. ನಾನು ಬೇಡ ಎಂದರೂ ರೊಟ್ಟಿ ಬಡಿಯುವುದನ್ನು ಗಾಳೆಮ್ಮನಿಂದ ಕಲಿತಳು. ಗಾಳೆಮ್ಮ ನಮ್ಮಲ್ಲಿ ರೊಟ್ಟಿ ಬಡಿಯುತ್ತಾ ಮುದುಕಿಯಾದವಳು. ಕಲಿಸಿದ್ದು ಅವಳೇ ಆದರೂ, ಪುಷ್ಪಿಯ ರೊಟ್ಟಿ ತನ್ನದಕ್ಕಿಂತ ತೆಳ್ಳಗಾದ ದಿನ ಅವಳಿಗೆ ಹೊಟ್ಟೆಯುರಿ ತಡೆಯಲಿಲ್ಲ.

"ಇಷ್ಟು ತೆಳ್ಳಗ ಬಡದ್ರ ಗಿರಾಕಿ ಹೊಟ್ಟಿ ಯಾವಾಗ ತುಂಬಬೇಕವ್ವಾ? ನಿಮ್ಮವ್ವ ಮನಿ ಮಾರಬೇಕಾಗತೈತಿ!"

ರೊಟ್ಟಿ ಬಡಿಯುವ ಮರದ ಕೊಮಣೆಯಲ್ಲಿ ಹಿಟ್ಟಿನ ಉಂಡೆ ತಿರುಗುತ್ತಾ ದೊಡ್ಡದಾಗುವಾಗ ಪುಷ್ಪಿಯ ಅಂಗೈಯಿಂದ ಒಂದು ಸದ್ದು ಬರುತ್ತಿತ್ತು. ಮಂದಿ ಗದ್ದಲದ ನಡುವೆಯೂ ಆ ಸದ್ದು ಕೇಳಿದರೆ ನನಗೆ ಎಲ್ಲವೂ ಸರಿಯಿದೆ ಎಂದು ಅನ್ನಿಸುತ್ತಿತ್ತು. ಅಂಚು ಎಲ್ಲೂ ಸೀಳುತ್ತಿರಲಿಲ್ಲ. ದಿನಾ ನಮ್ಮಲ್ಲೇ ಉಣ್ಣುವ ಕಂಡಕ್ಟರ್ ಸುಂಕಪ್ಪ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಇದ್ರಾಗ ಹಾಯ್ಸಿ ನೋಡಿದ್ರ ಆಚಿ ಕಡೆ ಉಜ್ಜಿನಿ ಬಸ್ಸು ಕಾಣತೈತಿ ನೋಡು ಕೊಟ್ರಕ್ಕ."

"ಕಂಡ್ರ ಹೋಗಿ ಹತ್ತು ಮಾಮಾ. ಡ್ರೈವರ್ ಬೈಯಾಕತ್ಯಾನ" ಎನ್ನುತ್ತಿದ್ದಳು ಪುಷ್ಪಿ.

ಅವಳಿಗೆ ಉಪ್ಪಿನಕಾಯಿಯ ಹುಚ್ಚು. ನಾನು ಹಾಕುವ ಮಾವಿನಕಾಯಿಯ ಜಾಡಿಗೆ ಬೆರಳು ಹಾಕದೆ ಒಂದು ಹೊತ್ತೂ ಉಣ್ಣುತ್ತಿರಲಿಲ್ಲ. ಬೈದರೆ, "ಡಾಕ್ಟ್ರ ಹೇಳ್ಯಾರ, ಉಪ್ಪಿನ ದಾಯಾದಿ ಒಳಗ ಅದಾನಂತ. ಒಬ್ಬನ ಕುಂತು ಬ್ಯಾಸರ ಆಗಬಾರದಲ್ಲ" ಎನ್ನುತ್ತಿದ್ದಳು.

ಆದರೂ ಒಳಗೆ ಒಂದು ಮಾತು ಇಟ್ಟುಕೊಂಡಿದ್ದಳು. ನನ್ನ ಕಾಲು ಒತ್ತುವಾಗ ಅದು ಹೊರಗೆ ಬರುತ್ತಿತ್ತು. "ಯವ್ವಾ, ನೀನು ನನ್ನ ಹೇಲು ಉಚ್ಚಿ ಬಳದಿ. ಮಂದಿ ಕೈಲಿ ಅನಿಸ್ಕೊಂಡಿ. ನಾನು ನಿನಗ ಏನು ಮಾಡೀನಿ ಹೇಳು. ಬರೀ ಮಾಡಿಸ್ಕೊಂಡೀನಿ."

"ರೊಟ್ಟಿ ಬಡಿಯಾಕತ್ತಿ ಅಲ್ಲಲೇ."

"ಅದು ಗಾಳೆಮ್ಮನೂ ಬಡೀತಾಳ."

ಹೋದ ಬೇಸಿಗೆಯಲ್ಲಿ ನನಗೆ ರಕ್ತ ಹೋಗತೊಡಗಿತು. ಮುಟ್ಟು ನಿಂತು ವರ್ಷಗಳಾದ ಮೇಲೆ ಹೀಗೆ. ತೋರಿಸಿದಾಗ ಗರ್ಭಕೋಶದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು, ರಿಪೋರ್ಟು ಬರಲಿ ಎಂದರು. ಅದು ಬೇಗ ಬರಲಿಲ್ಲ. ಮೊದಲು ಕಳಿಸಿದ ಚೂರು ಸಾಲದು ಎಂದು ಇನ್ನೊಂದು ತೆಗೆದರು. ಕಾಯುವುದೇ ಕೆಲಸವಾಯಿತು.

ನಮ್ಮ ತವರಿನ ಹೆಣ್ಣುಮಕ್ಕಳಲ್ಲಿ ಒಂದು ರೂಢಿ ಇದೆ. ಮನೆಯವರ ಜೀವಕ್ಕೆ ಬಂದಾಗ ಉಜ್ಜಿನಿಯ ಮರುಳಸಿದ್ಧನಿಗೆ ಹೇಳಿಕೊಂಡು ಉಪ್ಪು ಬಿಡುತ್ತಾರೆ. ಸಪ್ಪ ಹಿಡಿಯುವುದು ಎನ್ನುತ್ತೇವೆ. ಜೀವ ಉಳಿಯಿತು ಎಂಬ ಸುದ್ದಿ ಕಿವಿಗೆ ಬಿದ್ದ ಮೇಲೆ ಉಜ್ಜಿನಿಗೆ ಹೋಗಿ ಒಂದು ಹಿಡಿ ಉಪ್ಪು ಸುರಿದು, ಯಾರಿಗಾಗಿ ಸಪ್ಪ ಹಿಡಿದಿದ್ದರೋ ಅವರ ಕೈಯಿಂದ ಒಂದು ಹರಳು ಬಾಯಿಗೆ ಹಾಕಿಸಿಕೊಳ್ಳಬೇಕು. ಅಲ್ಲಿಯವರೆಗೆ ನಾಲಿಗೆಗೆ ಉಪ್ಪು ಸೋಕುವಂತಿಲ್ಲ. ನನಗೆ ವಿಷಮಶೀತ ಜ್ವರ ಬಂದಾಗ ನನ್ನವ್ವ ಹಿಡಿದಿದ್ದಳು. ಆ ಕಥೆಯನ್ನು ಪುಷ್ಪಿಗೆ ಸಣ್ಣವಳಿದ್ದಾಗ ಎಷ್ಟು ಸಲ ಹೇಳಿದ್ದೇನೋ.

ಒಂದು ಸೋಮವಾರ ಸ್ನಾನ ಮಾಡಿ ಬಂದವಳೇ ಹೇಳಿದಳು: "ಯವ್ವಾ, ನನ್ನ ಬ್ಯಾಳಿ ಉಪ್ಪು ಹಾಕೋಕಿಂತ ಮುಂಚೆ ತಗದಿಡು. ನಾ ಸಪ್ಪ ಹಿಡದೀನಿ."

"ಯಾರಿಗ?"

"ಓಣ್ಯಾಗಿನ ನಾಯಿಗೆ! ಯಾರಿಗಂತ ಕೇಳ್ತಾಳ."

ನಾನು ತಿರುಗಿ ಒಲೆಯ ಕಡೆ ನೋಡಿದೆ. ಬೇಡ ಎನ್ನಲಿಲ್ಲ. ಬೇಡ ಎನ್ನಲು ಏನಿತ್ತು? ಗೋಡೆಗೆ ಮುಖ ಮಾಡಿ ಮಲಗಿದ್ದ ಹುಡುಗಿ ಇಂದು ನನ್ನ ಸಲುವಾಗಿ ಹರಕೆ ಹೊರುವಷ್ಟು ಗಟ್ಟಿಯಾಗಿದ್ದಾಳೆ. ಕಾಯಿಲೆಯ ಹೆದರಿಕೆಯ ನಡುವೆಯೂ ಅಂದು ನನಗೆ ಹೊಟ್ಟೆ ತುಂಬಿದ ಹಾಗಾಗಿತ್ತು. ದಿನಾ ಅವಳ ಬಟ್ಟಲನ್ನು ಮೊದಲು ತೆಗೆದಿಟ್ಟು, ಆಮೇಲೆ ಪಾತ್ರೆಗೆ ಉಪ್ಪು ಹಾಕುತ್ತಿದ್ದೆ. ಉಪ್ಪಿನಕಾಯಿಯ ಜಾಡಿಯನ್ನು ಅವಳೇ ಎತ್ತಿ ಅಟ್ಟದ ಮೇಲಿಟ್ಟಳು, ಕಣ್ಣಿಗೆ ಬೀಳಬಾರದೆಂದು.

ಸುದ್ದಿ ಗಿರಾಕಿಗಳಿಗೂ ಗೊತ್ತಾಯಿತು. ಎಲ್ಲರೂ ಭೇಷ್ ಎಂದರು. "ಡಾಕ್ಟ್ರು ನನಗ ಬಿಪಿ ಐತಿ, ಉಪ್ಪು ಬಿಡೋ ಉಪ್ಪು ಬಿಡೋ ಅಂತ ಬಡ್ಕೊಳ್ಳಾಕತ್ಯಾರ. ನನ್ನ ಕೈಲಿ ಆಗವಲ್ದು" ಎಂದ ಸುಂಕಪ್ಪ. "ಈ ಹುಡುಗಿ ನೋಡು, ದೇವ್ರಿಗೂ ಆತು, ಆರೋಗ್ಯಕ್ಕೂ ಆತು." ನನಗೂ ಅದು ಸರಿ ಎನ್ನಿಸಿತು. ಉಪ್ಪು ಕಡಿಮೆ ಮಾಡಿ ಎಂದು ಹೇಳದ ಡಾಕ್ಟರನ್ನು ಯಾರು ನೋಡಿದ್ದಾರೆ?

ಬೇಸಿಗೆಯ ಒಲೆಯ ಮುಂದೆ ಅವಳ ಬೆನ್ನಿನ ಮೇಲೆ ಬೆವರು ಹರಿದು ರವಿಕೆ ಒಣಗುವುದೇ ಇರಲಿಲ್ಲ. ಮೈಯೊಳಗಿನ ಉಪ್ಪು ಅಲ್ಲಿಯೂ ಹೋಗುತ್ತಿತ್ತು ಎಂಬುದು ಈಗ ಗೊತ್ತು.

ಮೊದಲು ತಿಳಿಸಿದ್ದು ರೊಟ್ಟಿ. ಅಂಚು ಸೀಳಿತು.

"ಏನವ್ವಾ, ಇವತ್ತು ನಿನ್ನ ರೊಟ್ಟಿಗೆ ಹಲ್ಲು ಬಂದಾವ" ಎಂದಳು ಗಾಳೆಮ್ಮ, ಎಷ್ಟೋ ವರ್ಷದ ಸೇಡು ತೀರಿದ ಖುಷಿಯಲ್ಲಿ.

"ನಿನಗಿಲ್ಲಲ್ಲ, ಅದಕ್ಕ ಬಂದಾವ" ಎಂದಳು ಪುಷ್ಪಿ. ಇಬ್ಬರೂ ನಕ್ಕರು. ಆದರೆ ಅವಳು ತಂಬಿಗೆ ಎತ್ತಿದಾಗ ನೀರು ತುಳುಕಿದ್ದನ್ನು ನಾನು ನೋಡಿದೆ. ಸಪ್ಪನ ಊಟದ ನಿಶ್ಶಕ್ತಿ ಎಂದುಕೊಂಡೆ. ತುಪ್ಪ ಹೆಚ್ಚು ಬಡಿಸಿದೆ.

ಆಮೇಲೆ ವಾಂತಿ. ಹಿಂದೆಯೇ ಭೇದಿ ಹತ್ತಿತು. ಸುಂಕಪ್ಪ ಔಷಧದ ಅಂಗಡಿಯಿಂದ ನೀರಿಗೆ ಕಲಸಿ ಕುಡಿಯುವ ಪುಡಿಯ ಪ್ಯಾಕೇಟು ತಂದುಕೊಟ್ಟ. ಅವಳು ಅದರ ಹಿಂದೆ ಬರೆದದ್ದನ್ನು ಓದಿ ಪಕ್ಕಕ್ಕಿಟ್ಟಳು.

"ಉಪ್ಪೈತಲ್ಲ ಮಾಮಾ ಇದ್ರಾಗ."

"ಏ, ಅದು ಔಷಧಲೇ. ಔಷಧದಾಗಿನ ಉಪ್ಪು ಉಪ್ಪಲ್ಲ."

"ಮರುಳಸಿದ್ದಗ ಹಂಗ ಹೇಳಿ ಬಾ ಹೋಗು. ಬಸ್ಸು ಐತಲ್ಲ ನಿಂದ."

ಗುಳಿಗೆಯನ್ನು ಮಾತ್ರ ತಪ್ಪಿಸಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು. ವಾಂತಿ ಮಾಡಿಕೊಂಡರೂ ಬಾಯಿ ಮುಕ್ಕಳಿಸಿ ನುಂಗಿದಳು. ಗುಳಿಗೆ ಬಿಟ್ಟರೆ ಹಳೆಯ ಕಾಯಿಲೆ ತಿರುಗಿ ಬರುತ್ತದೆ ಎಂಬ ಹೆದರಿಕೆ ಇಬ್ಬರಿಗೂ ಇತ್ತಲ್ಲ. ನಾನೇ ಅಂಗೈಯಲ್ಲಿಟ್ಟು ಕೊಡುತ್ತಿದ್ದೆ.

ಮರುದಿನ ಊಟದ ಗದ್ದಲದಲ್ಲಿ ರೊಟ್ಟಿಯ ಸದ್ದು ತಪ್ಪಿತು. ತಿರುಗಿ ನೋಡಿದರೆ ಅವಳು ಎದ್ದು ನಿಂತು ಗೋಡೆ ಹಿಡಿದಿದ್ದಳು. ಕುಡಿದವರ ಹಾಗೆ ಕಾಲು ಒಂದು ಕಡೆ, ಮೈ ಒಂದು ಕಡೆ. ಏನೋ ಹೇಳಲು ಹೋದಳು. ನಾಲಿಗೆ ದಪ್ಪವಾಗಿ ಮಾತು ಮುದ್ದೆಯಾಯಿತು. ಒಲೆಯ ಪಕ್ಕದಲ್ಲೇ ಕುಸಿದಳು. ಗಾಳೆಮ್ಮ ಅವಳ ತಲೆಯನ್ನು ಬೆಂಕಿಯ ಕಡೆ ಹೋಗದಂತೆ ತನ್ನ ತೊಡೆಯ ಮೇಲೆ ಎಳೆದುಕೊಂಡು, "ಹಲ್ಲು ಬಂದಾವ ಅಂದ್ನಲ್ಲೋ ಶಿವನೇ" ಎಂದು ಬಾಯಿ ಬಡಿದುಕೊಂಡಳು.

ಸುಂಕಪ್ಪ ಗಾಡಿ ಗೊತ್ತುಮಾಡಿಕೊಂಡು ಬಂದ. ಹರಪನಹಳ್ಳಿ ದಾಟಿ ದಾವಣಗೆರೆ ಮುಟ್ಟುವವರೆಗೂ ಅವಳ ತಲೆ ನನ್ನ ಭುಜದ ಮೇಲೆ ಒಂದೇ ಸಮ ಅದುರುತ್ತಿತ್ತು.

ಅಲ್ಲಿಯ ಕಿಡ್ನಿ ಡಾಕ್ಟರಮ್ಮ ದುರ್ಗಾದೇವಿ ಎಂಬವರು. ಗುಳಿಗೆಯ ಚೀಟಿ ನೋಡಿದ ಕೂಡಲೇ ರಕ್ತ ತೆಗೆಸಿದರು. ಅದರ ಫಲಿತಾಂಶ ಬಂದಾಗ ಅವರ ಮುಖ ಬದಲಾಯಿತು.

"ಗುಳಿಗೆ ಜಾಸ್ತಿ ನುಂಗಿದಾಳಾ? ಜೀವಕ್ಕೆ ಬೇಸರ ಮಾಡಿಕೊಂಡು?"

"ಇಲ್ರಿ. ನಾನ ಕೊಡ್ತೀನಿ, ನನ್ನ ಕೈಯಾರ."

"ಮತ್ತೆ ಇಷ್ಟು ಹೇಗಾಯ್ತು? ಬೇರೆ ಏನಾದರೂ ಮಾತ್ರೆ? ನೋವಿನ ಮಾತ್ರೆ? ಊಟ?"

"ಊಟ ಚೊಲೋನ ಐತ್ರಿ. ಸಪ್ಪ ಹಿಡದಾಳ, ಅಷ್ಟ."

"ಸಪ್ಪ ಅಂದರೆ?"

ಹೇಳಿದೆ. ಹೇಳುತ್ತ ಹೇಳುತ್ತ ಅವರು ಕುರ್ಚಿಗೆ ಒರಗಿದ್ದನ್ನು ನೋಡಿ ನನ್ನ ಮಾತು ಸಣ್ಣದಾಯಿತು.

"ಅಮ್ಮಾ, ಕಿಡ್ನಿ ರಕ್ತ ಸೋಸುತ್ತೆ. ಸೋಸಿದ್ದರಲ್ಲಿ ಮೈಗೆ ಬೇಕಾದ ಉಪ್ಪನ್ನು ವಾಪಸ್ ತಗೊಳ್ಳುತ್ತೆ, ಮಿಕ್ಕಿದ್ದನ್ನ ಹೊರಗೆ ಬಿಡುತ್ತೆ. ಹೊರಗಿನಿಂದ ಉಪ್ಪು ಬರೋದೇ ನಿಂತಾಗ ಅದು ಒಂದು ಹರಳನ್ನೂ ಬಿಡೋದಿಲ್ಲ. ನಿಮ್ಮ ಮಗಳ ಗುಳಿಗೆ ಕಿಡ್ನಿಯ ಕಣ್ಣಿಗೆ ಉಪ್ಪಿನ ಹಾಗೇ ಇರುತ್ತೆ. ಹೊರಗೆ ಹಾಕಬೇಕಾದ್ದನ್ನ ಕಿಡ್ನಿ ಉಪ್ಪು ಅಂತ ತಿಳಕೊಂಡು ಹಿಡಿದಿಟ್ಟುಕೊಂಡುಬಿಟ್ಟಿದೆ. ವಾಂತಿ-ಭೇದಿ ಆಗಿ ನೀರೂ ಹೋಯ್ತಲ್ಲ, ಇನ್ನೂ ಬಿಗಿಯಾಗಿ ಹಿಡಿದಿದೆ. ನೀವು ಕೊಟ್ಟದ್ದು ಸರಿಯಾದ ಗುಳಿಗೆನೇ. ಹೋಗೋದು ನಿಂತಿತ್ತು."

ಬಂದೋರು ಎದ್ದು ಹೋಗ್ಲಿಲ್ಲ ಅಂದ್ರ? ನಾನೇ ಕೇಳಿದ್ದ ಪ್ರಶ್ನೆ. ಉಪ್ಪು ಹೆಚ್ಚು-ಕಡಿಮಿ ಆಗದಂಗ ನೋಡ್ಕೊಳ್ರಿ ಎಂದು ಡಾಕ್ಟರು ಹೇಳಿದ್ದರು. ಅದನ್ನು ನಾನು ಅಡುಗೆಯವಳ ಕಿವಿಯಿಂದ ಕೇಳಿದ್ದೆ. ರುಚಿಯ ಮಾತು ಎಂದುಕೊಂಡಿದ್ದೆ. ನನ್ನ ಕೈಯಲ್ಲಿ ಉಪ್ಪು ಎಂದೂ ತಪ್ಪಿಲ್ಲವೆಂದು ಎಲ್ಲರೂ ಸೇರಿ ನಕ್ಕಿದ್ದೆವು.

"ಈಗ ಉಪ್ಪಿನ ನೀರು ರಕ್ತಕ್ಕೆ ಬಿಡ್ತೀವಿ. ಜೊತೆಗೆ ಮಷೀನಿನಲ್ಲಿ ರಕ್ತ ತೊಳೀತೀವಿ. ರಕ್ತದಿಂದ ಬೇಗ ಹೋಗುತ್ತೆ. ಮಿದುಳಿಗೆ ಅದು ನಿಧಾನಕ್ಕೆ ಸೇರಿರುತ್ತೆ, ಹೋಗೋದೂ ನಿಧಾನ. ಹೋಗುವಾಗ ಏನು ಕೆಡಿಸಿ ಹೋಗುತ್ತೋ ಈಗಲೇ ಹೇಳೋಕಾಗಲ್ಲ."

"ಜೀವ?"

"ಉಳಿಸೋಣ. ಕೈಕಾಲು, ಮಾತು ಮೊದಲಿನ ಹಾಗೆ ಆಗುತ್ತಾ ಅನ್ನೋದನ್ನ ಕಾದು ನೋಡಬೇಕು."

ಕಾಯುವುದಕ್ಕೆ ಮೊದಲು ಇನ್ನೊಂದು ಆಯಿತು. ಸಲೈನ್ ಹಚ್ಚಿದಾಗ ಪುಷ್ಪಿ ಕಣ್ಣು ಬಿಟ್ಟಿದ್ದಳು. ಅರ್ಧ ಎಚ್ಚರ, ಅರ್ಧ ಮಂಪರು. ನರ್ಸು ಹುಡುಗಿ ಒಳ್ಳೆಯವಳು, ಧೈರ್ಯ ಹೇಳಲೆಂದು, "ಹೆದರಬ್ಯಾಡಕ್ಕ, ಇದು ಬರೇ ಉಪ್ಪು ನೀರು" ಎಂದಳು. ಪುಷ್ಪಿ ಆ ಬಾಟಲಿಯನ್ನೇ ನೋಡಿದಳು. ಆಮೇಲೆ ಅದುರುವ ಕೈಯನ್ನು ಇನ್ನೊಂದು ಕೈಯ ಮೇಲೆ ತಂದು, ಒಂದೆರಡು ಸಲ ತಪ್ಪಿ, ಸೂಜಿಯನ್ನು ಕಿತ್ತುಹಾಕಿದಳು. ಹಾಸಿಗೆಯ ಮೇಲೆ ರಕ್ತ.

ಮತ್ತೆ ಹಚ್ಚಿದರು. ಮತ್ತೆ ಕಿತ್ತಳು. ಕೊನೆಗೆ ಆಸ್ಪತ್ರೆಯವರು ಅವಳ ಎರಡೂ ಕೈಗಳನ್ನು ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದರು. ರೊಟ್ಟಿ ಬಡಿಯುವ ಕೈಗಳು. ಅವಳು ತಲೆಯನ್ನು ಆ ಕಡೆ ಈ ಕಡೆ ಹೊರಳಿಸುತ್ತ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಮುದ್ದೆಯಾದ ಮಾತು, ನರ್ಸಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು.

"ಉಪ್ಪು ಬ್ಯಾಡ. ಯವ್ವಂದು ಬಂದಿಲ್ಲ. ಯವ್ವಂದು ಇನ್ನಾ ಬಂದಿಲ್ಲ."

ನಾನು ಅವಳ ಕಿವಿಯ ಹತ್ತಿರ ಬಾಗಿದೆ.

"ಬಂತು ಪುಷ್ಪಿ. ರಿಪೋರ್ಟು ಬಂತು. ಏನೂ ಇಲ್ಲಂತ ನನಗ. ಆರಾಮ ಅದೀನಂತ."

ಹೊರಳುವುದು ನಿಂತಿತು. ಕಣ್ಣು ನನ್ನ ಮೇಲೆ ಬಂತು. ಒಂದೆಡೆ ನಿಲ್ಲಲಾರದೆ ಆ ಕಣ್ಣುಗುಡ್ಡೆಗಳೂ ಅದುರುತ್ತಿದ್ದವು.

"ಆಣಿ?"

"ಮರುಳಸಿದ್ದನಾಣಿ."

"ನ... ನನ್ನ ಮ್ಯಾಲೆ."

ನಾನು ಅವಳ ನೆತ್ತಿಯ ಮೇಲೆ ಕೈಯಿಟ್ಟೆ. ರಿಪೋರ್ಟು ಬಂದಿರಲಿಲ್ಲ. ಅದರಲ್ಲಿ ಏನಿದೆಯೋ ದೇವರಿಗೂ ಗೊತ್ತಿತ್ತೋ ಇಲ್ಲವೋ. ಇಟ್ಟ ಕೈಯನ್ನು ತೆಗೆಯದೆ, "ನಿನ್ನಾಣಿ" ಎಂದೆ.

ಅವಳ ಮೈ ಸಡಿಲಾಯಿತು. ಕೈ ಬಿಚ್ಚಿರೆಂದು ನಾನೇ ನರ್ಸಿಗೆ ಹೇಳಿದೆ. ಬಿಚ್ಚಿದ ಮೇಲೆ ಅವಳು ಸೂಜಿಯನ್ನು ಮುಟ್ಟಲಿಲ್ಲ. ಉಪ್ಪು ನೀರು ಹನಿಹನಿಯಾಗಿ ಇಳಿಯಿತು. ಆಚೆ ಮಷೀನು ಅವಳ ರಕ್ತವನ್ನು ಎಳೆದುಕೊಂಡು ತೊಳೆದು ಕೊಡುತ್ತಿತ್ತು. ಮುಸುರೆಯ ಪಾತ್ರೆಯನ್ನು ಒಂದು ನೀರಿನಲ್ಲಿ ತೊಳೆದರೆ ಅರ್ಧ ಜಿಡ್ಡು ಹೋಗುತ್ತದೆ, ಇನ್ನೊಂದು ನೀರಿಗೆ ಉಳಿದದ್ದರಲ್ಲಿ ಅರ್ಧ. ಗುಳಿಗೆಯ ಅಂಶವೂ ಹಾಗೆ ಹೋಗುತ್ತದಂತೆ. ರಕ್ತದಲ್ಲಿ ಇಳಿದದ್ದು ಮತ್ತೆ ಏರಿತು. ಮೈಯ ಮೂಲೆಗಳಲ್ಲಿ ಅಡಗಿದ್ದದ್ದು ಹೊರಗೆ ಬಂತು ಎಂದರು. ಮತ್ತೆ ತೊಳೆದರು. ಕೊನೆಗೆ ದುರ್ಗಾದೇವಿಯವರು ಬಂದು, "ರಕ್ತ ಸ್ವಚ್ಛ ಆಯ್ತಮ್ಮ. ಕಿಡ್ನಿಗೂ ಏನೂ ಆಗಿಲ್ಲ" ಎಂದರು.

ನನ್ನ ರಿಪೋರ್ಟು ನಾವು ಆಸ್ಪತ್ರೆಯಲ್ಲಿದ್ದಾಗಲೇ ಬಂತು. ಸುಂಕಪ್ಪ ಇಸಿದುಕೊಂಡು ಬಂದು ಕೊಟ್ಟ. ಏನೂ ಇಲ್ಲ. ಕೆಟ್ಟದ್ದೇನೂ ಇಲ್ಲ. ನಾನು ಮೊದಲೇ ಹೇಳಿದ್ದೇ ಅದರಲ್ಲಿ ಬರೆದಿತ್ತು. ಸುಳ್ಳು ಆಣೆ ಖರೆಯಾಯಿತಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬೇಕಿತ್ತು. ಆದರೆ ಇಟ್ಟ ಹೊತ್ತಿನಲ್ಲಿ ಅದು ಸುಳ್ಳೇ ಆಗಿತ್ತು, ಇಟ್ಟದ್ದು ಅವಳ ನೆತ್ತಿಯ ಮೇಲೆ. ಕಿಡ್ನಿಯ ವಿಷಯ ಡಾಕ್ಟರಮ್ಮ ಬಿಡಿಸಿ ಹೇಳಿದ್ದು ನನಗೆ ಪೂರ್ತಿ ತಿಳಿದಿದೆ. ತಿಳಿದರೂ ಕೈ ಮಾತ್ರ ಆ ನೆತ್ತಿಯ ಬಿಸಿಯನ್ನು ಮರೆಯುವುದಿಲ್ಲ.

ಮಳೆಗಾಲ ಹೋಯಿತು. ಮೌನೇಶ್ ಡಾಕ್ಟರು ಗುಳಿಗೆ ಬದಲಿಸಿದರು. "ಇದು ಲಿವರಿನ ದಾರಿಯದು ಕೊಟ್ರಮ್ಮ. ಉಪ್ಪಿನ ಹಂಗು ಇದಕ್ಕಿಲ್ಲ" ಎಂದರು. ಆಮೇಲೆ, "ನಾನು ಇನ್ನೊಂದು ಮಾತು ಬಿಡಿಸಿ ಹೇಳಬೇಕಾಗಿತ್ತು" ಎಂದರು. "ನಾನು ಇನ್ನೊಂದು ಮಾತು ಕೇಳಬೇಕಾಗಿತ್ರಿ" ಎಂದೆ. ಇಬ್ಬರೂ ಅಲ್ಲಿಗೆ ಬಿಟ್ಟೆವು. ಹೊರಗೆ ಮಂದಿ ಕಾದಿದ್ದರು.

ಕಾದು ನೋಡಿ ಎಂದದ್ದಕ್ಕೆ ಉತ್ತರ ದಿನದಿನಕ್ಕೆ ಬಂತು. ಪುಷ್ಪಿ ಗೋಡೆ ಹಿಡಿದು ನಡೆಯುತ್ತಾಳೆ. ಮಾತು ಒಂದೊಂದೇ ಅಕ್ಷರ ಒಡೆದುಕೊಂಡು ಬರುತ್ತದೆ. ಏನನ್ನಾದರೂ ಹಿಡಿಯಲು ಹೋದರೆ ಕೈ ಅದನ್ನು ದಾಟಿ ಆಚೆ ಹೋಗುತ್ತದೆ. ಬುದ್ಧಿಗೆ ಏನೂ ಆಗಿಲ್ಲ; ಎಲ್ಲ ತಿಳಿಯುತ್ತದೆ, ತಿಳಿಯುವುದೇ ಸಂಕಟ. ಒಂದು ದಿನ ಕೊಮಣೆಯ ಮುಂದೆ ಕುಳಿತು ಹಿಟ್ಟಿನ ಉಂಡೆಗೆ ಕೈ ಹಾಕಿದಳು. ಗಾಳೆಮ್ಮ, ನಾನು, ಉಣ್ಣುತ್ತಿದ್ದವರು ಎಲ್ಲರೂ ನೋಡಿಯೂ ನೋಡದವರ ಹಾಗೆ ಇದ್ದೆವು. ಸದ್ದು ಬಂತು. ಲಯವಿಲ್ಲದ ಸದ್ದು, ಒಮ್ಮೆ ಹಿಟ್ಟಿನ ಮೇಲೆ, ಒಮ್ಮೆ ಬರೀ ಕಟ್ಟಿಗೆಯ ಮೇಲೆ. ಉಂಡೆ ನಾಲ್ಕು ಕಡೆ ಸೀಳಿತು. ಅವಳು ಕೈ ತೆಗೆದು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡಳು. ಗಾಳೆಮ್ಮ ಆ ಸೀಳಿದ್ದನ್ನೇ ಎತ್ತಿ ಹಂಚಿನ ಮೇಲೆ ಹಾಕಿ ಬೇಯಿಸಿ, ಯಾರಿಗೂ ಕೊಡದೆ ತಾನೇ ತಿಂದಳು.

"ದಪ್ಪಗ ಐತಿ. ಹಿಂಗಿರಬೇಕು ರೊಟ್ಟಿ" ಎಂದಳು. ಪುಷ್ಪಿ ನಗಲಿಲ್ಲ.

ಸಪ್ಪ ಬಿಡಿಸಲು ಉಜ್ಜಿನಿಗೆ ಹೋದದ್ದು ಆಮೇಲೆ. ಆಸ್ಪತ್ರೆಯ ಉಪ್ಪು ರಕ್ತಕ್ಕೆ ಹೋಗಿತ್ತು, ಆಮೇಲೆ ಮನೆಯ ಊಟದಲ್ಲೂ ನಾನು ಔಷಧವೆಂದು ಹೇಳಿ ಹಾಕುತ್ತಿದ್ದೆ; ನನ್ನ ಸುದ್ದಿ ಬಂದಿದೆಯೆಂದು ಅವಳು ಬೇಡ ಎನ್ನುತ್ತಿರಲಿಲ್ಲ. ಹರಕೆಯ ಲೆಕ್ಕದಲ್ಲಿ ಮಾತ್ರ ಅವಳ ನಾಲಿಗೆ ಇನ್ನೂ ಸಪ್ಪೆಯೇ ಇತ್ತು. ಅದಕ್ಕೇ ಉಪ್ಪಿನಕಾಯಿ ಮುಟ್ಟಿರಲಿಲ್ಲ. ಸುಂಕಪ್ಪನ ಬಸ್ಸಿನಲ್ಲೇ ಹೋದೆವು. ಇಳಿಯುವಾಗ ಅವನೇ ಪುಷ್ಪಿಯ ಸೊಂಟ ಹಿಡಿದು ಇಳಿಸಿದ.

ಗುಡಿಯಲ್ಲಿ ಅವಳ ಬೊಗಸೆಗೆ ಉಪ್ಪು ಹಾಕಿದೆ. ಕೈ ಅದುರಿ ಅರ್ಧ ನೆಲದ ಪಾಲಾಯಿತು. ಹಿಂದೆ ನಿಂತಿದ್ದ ಮುದುಕಿಯೊಬ್ಬಳು, "ಎಲ್ಲಿ ಬಿದ್ರೂ ಅವನ ನೆಲಾನವ್ವಾ" ಎಂದಳು. ನಾನು ಪುಷ್ಪಿಯ ಮಣಿಕಟ್ಟು ಹಿಡಿದು ಉಳಿದದ್ದನ್ನು ಸುರಿಸಿದೆ. ಆಮೇಲೆ ಒಂದು ಹರಳು ಅವಳ ನಾಲಿಗೆಯ ಮೇಲಿಟ್ಟೆ. ಅವಳು ಕಣ್ಣು ಮುಚ್ಚಿ ಅದು ಕರಗುವವರೆಗೂ ನಿಂತಳು.

ಹೊರಗೆ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆ. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು.

"ಯ-ವ್ವಾ" ಎಂದಳು. "ನನಗ ಯಾಕ ಹಿಂಗಾತು? ಡಾಕ್ಟ-ರಮ್ಮ ನಿನಗ ಹೇಳ್ಯಾಳ. ನನಗ ಹೇಳ-ವಲ್ಲಿ."

ಹೇಳುವುದಕ್ಕೆ ನನ್ನ ಹತ್ತಿರ ಎಲ್ಲವೂ ಇತ್ತು. ಗುಳಿಗೆ ಉಪ್ಪಿನ ಹಾಗಿರುವುದು, ಉಪ್ಪಿಲ್ಲದೆ ಹಸಿದ ಕಿಡ್ನಿ ಅದನ್ನು ಉಪ್ಪೆಂದು ಹಿಡಿದಿಟ್ಟದ್ದು. ಹೇಳಿದರೆ ತಿಳಿಯುವ ಹುಡುಗಿ. ತಿಳಿದ ಮೇಲೆ ಅವಳ ಹರಕೆ ಬರೀ ಒಂದು ತಪ್ಪು ತಿಳಿವಳಿಕೆ ಆಗುತ್ತದೆ. ಅವಳು ಜೀವಮಾನದಲ್ಲಿ ನನಗೆಂದು ಮಾಡಿದ್ದು ಅದೊಂದೇ. ಕೈಯನ್ನೂ ಕಳೆದುಕೊಂಡು ಅದನ್ನೂ ಕಳೆದುಕೊಂಡರೆ ಅವಳ ಹತ್ತಿರ ಏನು ಉಳಿಯಿತು?

"ನನ್ನ ಬ್ಯಾನಿ ನಿನ್ನ ಮ್ಯಾಲೆ ತಗೊಂಡಿ" ಎಂದೆ. "ಅದಕ್ಕ ಹಿಂಗಾತು. ಇಲ್ಲಂದ್ರ ನಾನು ಇರ್ತಿದ್ದಿಲ್ಲ."

ಅವಳು ಬುತ್ತಿಯಿಂದ ಕಣ್ಣೆತ್ತಿದಳು.

"ಹಂಗಾದ್ರ... ಹತ್ತಿ-ತು ಹರಕಿ."

"ಹತ್ತಿತು."

"ನಾನು... ಉಳಿಸ್ಕೊಂಡೆ ನಿನ್ನ."

"ನೀನ ಉಳಿಸ್ಕೊಂಡಿ."

ಅವಳ ಮುಖದ ಮೇಲೆ ನಗು ಬಂತು. ಅದೂ ಒಂದು ಕಡೆಗೆ ಅದುರುತ್ತ ಬಂತು. ಮಂಗಳವಾರದ ಡಾಕ್ಟರ ಮುಂದೆ ಬಂದ ನಗುವಿನ ಹಾಗೆ. ನಾನು ರೊಟ್ಟಿ ಮುರಿಯುವ ನೆವದಲ್ಲಿ ಕೆಳಗೆ ನೋಡಿದೆ.

"ಹಂಗಾದ್ರ," ಎಂದಳು, "ಉಪ್ಪಿನ-ಕಾಯಿ ತಂದೀ-ಯೇನು?"

ತಂದಿದ್ದೆ. ಬೆಳಿಗ್ಗೆ ಅಟ್ಟದ ಮೇಲಿನ ಜಾಡಿ ಇಳಿಸಿ, ಒಳ್ಳೆಯ ಹೋಳುಗಳನ್ನೇ ಆರಿಸಿ ಡಬ್ಬಿಗೆ ಹಾಕಿಕೊಂಡಿದ್ದೆ. ಅವಳು ಕೈ ಚಾಚಿದಳು. ಕೈ ಡಬ್ಬಿಯನ್ನು ದಾಟಿ ಆಚೆ ಹೋಯಿತು. ನಾನು ಆ ಕೈಯನ್ನು ಹಿಡಿದು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಹೋಳನ್ನು ಅವಳ ಬಾಯಿಗೇ ಇಟ್ಟೆ.